ಜಪಾನಿನಲ್ಲಿ ರಜೆಯ ದಿನ ಹಬ್ಬವಿಲ್ಲ, ಹಬ್ಬದ ದಿನ ರಜೆಯಿಲ್ಲ: ಯಾಕೆ ಹೀಗೆ?

ಪ್ರಶ್ನೆ: ನಮ್ಮ ಮಗಳು, ಅಳಿಯ ಮೂರು ವರ್ಷದಿಂದ ಜಪಾನಿನ ನಗೋಯಾದಲ್ಲಿದ್ದಾರೆ. ಅಲ್ಲಿ ವರ್ಷಕ್ಕೆ 16 ಸರ್ಕಾರಿ ರಜೆಯಂತೆ. ಆದರೆ ರಜೆಯ ದಿನ ಹಬ್ಬದ ಕಳೆಯೇ ಇರುವುದಿಲ್ಲ, ಹಬ್ಬದ ದಿನ ಆಫೀಸು ಶಾಲೆ ಎಲ್ಲ ಎಂದಿನಂತೆ ನಡೆಯುತ್ತವೆ ಅಂತಾಳೆ ಮಗಳು. ಮಾರ್ಚ್‌ನಲ್ಲಿ ಮೊಮ್ಮಗಳು ಶಿಶುವಿಹಾರದಿಂದ ಕಾಗದದ ಗೊಂಬೆ ಮಾಡಿ ತಂದಳು. ನಮ್ಮ ದಸರಾ ಗೊಂಬೆ ಥರವೇ ಇತ್ತು. ಅವತ್ತೂ ರಜೆ ಇರಲಿಲ್ಲ. ಇದೇನು ಪದ್ಧತಿ? ಅವರ ದೊಡ್ಡ ಹಬ್ಬ ಯಾವುದು? ಮೊಮ್ಮಗಳಿಗೆ ಈ ವರ್ಷ ಏಳು ತುಂಬುತ್ತದೆ. ನಾವಿಬ್ಬರೂ ಒಂದು ತಿಂಗಳು ಹೋಗಿ ಬರಬೇಕು ಅಂದುಕೊಂಡಿದ್ದೇವೆ. ಯಾವಾಗ ಹೋದರೆ ಒಳ್ಳೆಯದು? ನಾವು ಸಸ್ಯಾಹಾರಿಗಳು. ಇನ್ನೊಂದು, ಮೈಸೂರಿನಿಂದ ಒಂದು ಜೊತೆ ಪಟ್ಟದ ಗೊಂಬೆ ತೆಗೆದುಕೊಂಡು ಹೋದರೆ ಅವರ ಗೊಂಬೆ ಹಬ್ಬದಲ್ಲಿ ಇಡಬಹುದಾ?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಿಮ್ಮ ಮಗಳು ಸರಿಯಾಗಿಯೇ ಗಮನಿಸಿದ್ದಾರೆ. ನಾನು ಜಪಾನಿಗೆ ಹೋದ ಹೊಸದರಲ್ಲಿ ಇದೇ ವಿಷಯಕ್ಕೆ ತಲೆ ಕೆಡಿಸಿಕೊಂಡಿದ್ದೆ. ನವೆಂಬರ್ 23ರಂದು ರಜೆ ಅಂದರು. ಯಾಕೆ ಅಂತ ಕೇಳಿದೆ. ‘ದುಡಿಮೆಗೆ ಕೃತಜ್ಞತೆ ಸಲ್ಲಿಸುವ ದಿನ’ ಅಂದರು. ಹಾಗಂದ್ರೆ ಏನು ಮಾಡಬೇಕು ಅಂದೆ. ‘ಏನೂ ಇಲ್ಲ, ಮಲಗಬಹುದು’ ಅಂದರು.

ಅಲ್ಲಿ ಎರಡು ಕ್ಯಾಲೆಂಡರ್ ಒಟ್ಟಿಗೆ ನಡೆಯುತ್ತವೆ ಅಂದುಕೊಳ್ಳಿ. ಒಂದು ಸರ್ಕಾರದ್ದು, ಕೆಂಪು ಅಂಕಿಯಲ್ಲಿ ಅಚ್ಚಾಗುವುದು. ಇನ್ನೊಂದು ಮನೆಯದು, ಅಡುಗೆಮನೆಯದು, ದೇವಸ್ಥಾನದ್ದು. ಇವೆರಡೂ ಒಂದನ್ನೊಂದು ಮುಟ್ಟುವುದು ಅಪರೂಪ. ಮೊದಲಿನಿಂದ ಹೀಗಿರಲಿಲ್ಲ. ಸರ್ಕಾರವೇ ಬೇರೆ ಮಾಡಿತು, ಅದೂ ಎರಡು ಕಂತಿನಲ್ಲಿ.

ಜಪಾನಿನವರೂ ಮೊದಲು ನಮ್ಮ ಹಾಗೆ ಚಂದ್ರನನ್ನು ನೋಡಿ ತಿಂಗಳು ಎಣಿಸುತ್ತಿದ್ದರು. ಅಧಿಕ ಮಾಸವೂ ಇತ್ತು. 1872ರ ಕೊನೆಗೆ ಆಗಿನ ಮೇಜಿ ಚಕ್ರವರ್ತಿಯ ಸರ್ಕಾರ ಪಾಶ್ಚಾತ್ಯ ಕ್ಯಾಲೆಂಡರಿಗೆ ಬದಲಾಗುತ್ತೇವೆ ಎಂದು ಸಾರಿತು. ಒಂದು ತಿಂಗಳ ಗಡುವೂ ಕೊಡಲಿಲ್ಲ. ಹಳೆಯ ಲೆಕ್ಕದ 12ನೇ ತಿಂಗಳ 3ನೇ ದಿನವೇ 1873ರ ಜನವರಿ 1 ಆಗಿಹೋಯಿತು. ಅಂದರೆ ಆ ವರ್ಷದ ಕೊನೆಯ ತಿಂಗಳಿಗೆ ಎರಡೇ ದಿನ! ಇದರ ಹಿಂದೆ ದುಡ್ಡಿನ ಲೆಕ್ಕವೂ ಇತ್ತು. ಮುಂದಿನ ವರ್ಷ ಅಧಿಕ ಮಾಸ ಬರುವುದಿತ್ತು. ನೌಕರರಿಗೆ 13 ತಿಂಗಳ ಸಂಬಳ ಕೊಡಬೇಕಿತ್ತು. ಖಜಾನೆಯಲ್ಲಿ ಕಾಸಿರಲಿಲ್ಲ. ಆಗ ಸರ್ಕಾರದಲ್ಲಿದ್ದ ಒಕುಮಾ ಶಿಗೆನೊಬು ಇದನ್ನು ಮುಂದೆ ತಾವೇ ಹೇಳಿಕೊಂಡಿದ್ದಾರೆ.

ಅದೇ 1873ರ ಜನವರಿಯಲ್ಲಿ ಇನ್ನೊಂದು ಆದೇಶ ಬಂತು. ಅಲ್ಲಿಯವರೆಗೆ ವರ್ಷದಲ್ಲಿ ಐದು ಹಬ್ಬಗಳಿಗೆ ಸರ್ಕಾರಿ ಮಾನ್ಯತೆ ಇತ್ತು. ಮೊದಲ ತಿಂಗಳ 7, ಮೂರನೇ ತಿಂಗಳ 3, ಐದನೇ ತಿಂಗಳ 5, ಏಳನೇ ತಿಂಗಳ 7, ಒಂಬತ್ತನೇ ತಿಂಗಳ 9. ಈ ಐದನ್ನೂ ಪಟ್ಟಿಯಿಂದ ತೆಗೆದುಹಾಕಿದರು. ಅವುಗಳ ಜಾಗಕ್ಕೆ ಚಕ್ರವರ್ತಿಯ ಹುಟ್ಟುಹಬ್ಬ, ಮೊದಲ ಚಕ್ರವರ್ತಿ ಪಟ್ಟಕ್ಕೆ ಬಂದ ದಿನ, ಇಂಥವು ಬಂದವು. ನಿಮ್ಮ ಮೊಮ್ಮಗಳ ಗೊಂಬೆ ಹಬ್ಬ ಮಾರ್ಚ್ 3ಕ್ಕೆ. ಅದಕ್ಕೆ ರಜೆ ಹೋದದ್ದು ಆಗಲೇ. ಜನ ಹಬ್ಬ ಬಿಡಲಿಲ್ಲ, ಅಷ್ಟೇ.

ಎರಡನೇ ಕಂತು ಯುದ್ಧ ಸೋತ ಮೇಲೆ. 1948ರಲ್ಲಿ ಹೊಸ ರಜಾ ಕಾನೂನು ಬಂತು. ಚಕ್ರವರ್ತಿಯ, ದೇವರ ವಾಸನೆ ಇರಬಾರದು ಎಂದು ಹೆಸರುಗಳನ್ನು ಬದಲಾಯಿಸಿದರು. ತಾರೀಖು ಮಾತ್ರ ಹಲವು ಕಡೆ ಹಾಗೇ ಉಳಿಯಿತು. ನನಗೆ ಮಲಗಲು ಸಿಕ್ಕಿದ ನವೆಂಬರ್ 23 ನಿಜಕ್ಕೂ ಸುಗ್ಗಿಯ ದಿನ. ಅವತ್ತು ಚಕ್ರವರ್ತಿ ಹೊಸ ಅಕ್ಕಿಯನ್ನು ದೇವರಿಗೆ ಅರ್ಪಿಸಿ ತಾನೂ ಉಣ್ಣುತ್ತಾನೆ. ಅರಮನೆಯೊಳಗೆ ಆ ಪೂಜೆ ಈಗಲೂ ರಾತ್ರಿ ನಡೆಯುತ್ತದೆ. ನಮ್ಮ ಕೊಡಗಿನ ಪುತ್ತರಿ ನೆನಪಾಗುತ್ತದೆ, ಅಲ್ವಾ? ಕ್ಯಾಲೆಂಡರಿನಲ್ಲಿ ಮಾತ್ರ ಅದು ‘ದುಡಿಮೆಗೆ ಕೃತಜ್ಞತೆ’. ಹಾಗೆಯೇ ನವೆಂಬರ್ 3ರ ‘ಸಂಸ್ಕೃತಿ ದಿನ’ ಮೇಜಿ ಚಕ್ರವರ್ತಿಯ ಹುಟ್ಟುಹಬ್ಬ. ಈಗಿನ ಸಂವಿಧಾನವನ್ನು 1946ರಲ್ಲಿ ಘೋಷಿಸಿದ್ದೂ ಅದೇ ತಾರೀಖಿಗೆ. ಹಳೆಯ ಐದು ಹಬ್ಬಗಳಲ್ಲಿ ಒಂದೇ ಒಂದು ರಜೆಯ ಪಟ್ಟಿಗೆ ಮರಳಿತು. ಅದು ಮೇ 5, ಮಕ್ಕಳ ದಿನ.

1948ರಲ್ಲಿ ಒಂಬತ್ತು ಇದ್ದ ರಜೆ ಬೆಳೆದು ಬೆಳೆದು 16 ಆಗಿದೆ. ಸಮುದ್ರಕ್ಕೊಂದು ದಿನ, ಹಿರಿಯರಿಗೊಂದು ದಿನ, ಆಟೋಟಕ್ಕೊಂದು ದಿನ. 2016ರಿಂದ ಬೆಟ್ಟಕ್ಕೂ ಒಂದು ದಿನ. ಕೆಲವನ್ನು ಸೋಮವಾರಕ್ಕೇ ಕಟ್ಟಿಹಾಕಿದ್ದಾರೆ, ವಾರದ ಕೊನೆ ಉದ್ದವಾಗಲಿ ಅಂತ. ರಜೆ ಭಾನುವಾರ ಬಿದ್ದರೆ ಮುಂದಿನ ಕೆಲಸದ ದಿನ ಕೊಡುತ್ತಾರೆ. ನಮ್ಮ ಕಡೆ ಭಾನುವಾರ ಬಿದ್ದ ಹಬ್ಬಕ್ಕೆ ನೌಕರರು ಹೊಟ್ಟೆ ಉರಿದುಕೊಳ್ಳುವ ಹಾಗಿಲ್ಲ. ಇವುಗಳಲ್ಲಿ ನನಗೆ ಇಷ್ಟವಾದವು ಎರಡೇ. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳು. ಇವುಗಳ ತಾರೀಖು ಕಾನೂನಿನಲ್ಲಿ ಇಲ್ಲ. ಖಗೋಳ ವೀಕ್ಷಣಾಲಯ ಲೆಕ್ಕ ಹಾಕುತ್ತದೆ. ಹಿಂದಿನ ವರ್ಷದ ಫೆಬ್ರವರಿಯಲ್ಲಿ ಗೆಜೆಟ್‌ನಲ್ಲಿ ಬರುತ್ತದೆ. ಆ ವಾರ ಜನ ಹಿರಿಯರ ಸಮಾಧಿಗೆ ಹೋಗಿ ತೊಳೆದು, ಹೂವಿಟ್ಟು ಬರುತ್ತಾರೆ. ಒಹಾಗಿ ಎಂಬ ಸಿಹಿ ತಿನ್ನುತ್ತಾರೆ. ಕೆಂಪು ಅಜುಕಿ ಕಾಳಿನ ಹೂರಣ ಹೊರಗೆ, ಅನ್ನದ ಉಂಡೆ ಒಳಗೆ. ಒಬ್ಬಟ್ಟನ್ನು ಮಗುಚಿ ಹಾಕಿದ ಹಾಗೆ.

ಈಗ ಹಬ್ಬಗಳ ವಿಷಯ. ಕ್ಯಾಲೆಂಡರ್ ಬದಲಾದಾಗ ಹಬ್ಬಗಳೂ ಜಾಗ ತಪ್ಪಿದವು. ಯಾಕೆಂದರೆ ಜನ ತಿಥಿಯ ಅಂಕಿಯನ್ನು ಹಾಗೇ ಹೊಸ ಕ್ಯಾಲೆಂಡರಿಗೆ ತಂದರು. ನಮ್ಮ ಚೈತ್ರ ಶುದ್ಧ ಪಾಡ್ಯವನ್ನು ‘ಮೊದಲ ತಿಂಗಳ ಮೊದಲ ದಿನ’ ಎಂದು ಜನವರಿ 1ಕ್ಕೆ ಇಟ್ಟರೆ ಯುಗಾದಿಗೆ ಮಾವಿನ ಚಿಗುರು ಎಲ್ಲಿ ಸಿಗುತ್ತದೆ? ಅಲ್ಲಿ ಆದದ್ದು ಅದೇ. ಗೊಂಬೆ ಹಬ್ಬಕ್ಕೆ ‘ಪೀಚ್ ಹೂವಿನ ಹಬ್ಬ’ ಎಂದೂ ಹೆಸರು. ಆದರೆ ಮಾರ್ಚ್ 3ಕ್ಕೆ ತೋಟದ ಪೀಚ್ ಮರ ಇನ್ನೂ ಬರಿ ಕೊಂಬೆ. ಹೂವು ಅಂಗಡಿಯಿಂದ ತರಬೇಕು.

ಇನ್ನೂ ಪಾಪ ಅನ್ನಿಸುವುದು ಏಳನೇ ತಿಂಗಳ ಏಳರ ತಾನಾಬಾತಾ. ನೇಯುವ ಹುಡುಗಿ, ದನ ಕಾಯುವ ಹುಡುಗ, ಇವರಿಬ್ಬರೂ ನಕ್ಷತ್ರಗಳು. ಆಕಾಶಗಂಗೆ ಇಬ್ಬರ ನಡುವೆ ಹರಿಯುತ್ತದೆ. ವರ್ಷಕ್ಕೆ ಒಂದು ರಾತ್ರಿ ಮಾತ್ರ ಭೇಟಿ. ಆ ಹುಡುಗಿ ನಮ್ಮ ಅಭಿಜಿತ್ ನಕ್ಷತ್ರ, ಹುಡುಗ ನಮ್ಮ ಶ್ರವಣ. ಹಳೆಯ ಲೆಕ್ಕದಲ್ಲಿ ಇದು ಹೆಚ್ಚಿನ ವರ್ಷ ನಮ್ಮ ನಾಗರ ಪಂಚಮಿಯ ಆಸುಪಾಸಿಗೆ ಬರುತ್ತಿತ್ತು. ಅಷ್ಟೊತ್ತಿಗೆ ಅಲ್ಲಿ ಮಳೆ ಮುಗಿದು ಆಕಾಶ ತಿಳಿಯಾಗಿರುತ್ತದೆ. ಈಗ ಜುಲೈ 7ಕ್ಕೆ ತಂದಿಟ್ಟಿದ್ದಾರೆ. ಅದು ಮಳೆಗಾಲದ ನಡುಮಧ್ಯ. ಜೋಡಿ ಸೇರುವುದೇ ಕಾಣುವುದಿಲ್ಲ. ಆದರೂ ರೈಲು ನಿಲ್ದಾಣದಲ್ಲಿ, ಶಾಲೆಯಲ್ಲಿ ಬಿದಿರಿನ ಕೊಂಬೆ ನಿಲ್ಲಿಸುತ್ತಾರೆ. ಬಣ್ಣದ ಚೀಟಿಯಲ್ಲಿ ಆಸೆ ಬರೆದು ಕಟ್ಟಬೇಕು. ನಾನು ಒಂದು ವರ್ಷ ಕನ್ನಡದಲ್ಲಿ ‘ಬಟ್ಟೆ ಒಣಗಲಿ’ ಎಂದು ಬರೆದು ಕಟ್ಟಿದ್ದೆ. ಸೆಂಡಾಯಿ ಊರಿನವರು ಜಾಣರು. ಒಂದು ತಿಂಗಳು ಮುಂದೆ ಹಾಕಿಕೊಂಡು ಆಗಸ್ಟ್ 6ರಿಂದ 8ರವರೆಗೆ ಮಾಡುತ್ತಾರೆ.

ಹಳೆಯ ಪಂಚಾಂಗವನ್ನು ಬಿಡದ ಕಡೆಗಳೂ ಇವೆ. ನಿಮ್ಮ ಮಗಳ ಮನೆಯ ಹತ್ತಿರವೇ, ನಗೋಯಾ ಪಕ್ಕದ ಇನಾಜಾವಾದಲ್ಲಿ, ಬರೀ ಲಂಗೋಟಿಯ ಗಂಡಸರ ಜಾತ್ರೆ ಚಳಿಗಾಲದಲ್ಲಿ ನಡೆಯುತ್ತದೆ. ಅದು ಇವತ್ತಿಗೂ ಹಳೆಯ ಲೆಕ್ಕದ ಮೊದಲ ತಿಂಗಳ 13ಕ್ಕೇ. 2024ರಲ್ಲಿ ಮೊದಲ ಸಲ ಹೆಂಗಸರ ಗುಂಪೂ, ಬಟ್ಟೆ ತೊಟ್ಟೇ, ಬಿದಿರಿನ ಹರಕೆ ಹೊತ್ತು ಬಂತು. ಇನ್ನೊಂದು ಎಂಟನೇ ತಿಂಗಳ ಹುಣ್ಣಿಮೆಗೆ ಚಂದ್ರನನ್ನು ನೋಡುವ ತ್ಸುಕಿಮಿ. ಚಂದ್ರನನ್ನು ತಾರೀಖಿಗೆ ಕಟ್ಟಲು ಆಗುವುದಿಲ್ಲವಲ್ಲ! ಅವರಿಗೂ ಚಂದ್ರನಲ್ಲಿ ಮೊಲವೇ ಕಾಣುವುದು. ಬೆಂಕಿಗೆ ಹಾರಿ ತನ್ನನ್ನೇ ದಾನ ಕೊಟ್ಟ ಮೊಲದ ಜಾತಕ ಕಥೆ ಇಲ್ಲಿಂದಲೇ ಹೋದದ್ದು. ಅಲ್ಲಿಗೆ ಹೋದ ಮೇಲೆ ಆ ಮೊಲ ಒರಳಲ್ಲಿ ಮೋಚಿ ಎಂಬ ಅಂಟಕ್ಕಿಯ ಮುದ್ದೆ ಕುಟ್ಟುವುದನ್ನು ಕಲಿಯಿತು, ಅಷ್ಟೇ.

ದೊಡ್ಡ ಹಬ್ಬ ಯಾವುದು ಅಂತ ಕೇಳಿದ್ದೀರಿ. ಎರಡು. ಹೊಸ ವರ್ಷ ಮತ್ತು ಒಬೋನ್.

ಹೊಸ ವರ್ಷ ಅಂದರೆ ನಾವು ಎಂ.ಜಿ. ರೋಡಿನಲ್ಲಿ ನೋಡುವ ಗಲಾಟೆಯಲ್ಲ. ತದ್ವಿರುದ್ಧ. ಡಿಸೆಂಬರ್ ಕೊನೆಗೆ ಮನೆಯೆಲ್ಲ ತೊಳೆಯುತ್ತಾರೆ, ಬಾಗಿಲಿಗೆ ಬಿದಿರು, ಪೈನ್ ಕಟ್ಟುತ್ತಾರೆ. 31ರ ರಾತ್ರಿ ಉದ್ದನೆಯ ಸೋಬಾ ಶಾವಿಗೆ ತಿನ್ನುತ್ತಾರೆ. ನಡುರಾತ್ರಿ ಬೌದ್ಧ ಗುಡಿಗಳಲ್ಲಿ 108 ಸಲ ಗಂಟೆ ಬಾರಿಸುತ್ತಾರೆ. ಮನುಷ್ಯನ ಕ್ಲೇಶಗಳು 108 ಎಂಬ ಲೆಕ್ಕ. ಮೊದಲ ಮೂರು ದಿನದೊಳಗೆ ದೇವರ ದರ್ಶನಕ್ಕೆ ಹೋಗಬೇಕು. ನಗೋಯಾದವರು ಅತ್ಸುತಾ ದೇವಾಲಯಕ್ಕೆ ಹೋಗುತ್ತಾರೆ, ಸಾಲು ಉದ್ದ ಇರುತ್ತದೆ. ಮಕ್ಕಳಿಗೆ ಪುಟ್ಟ ಕವರಿನಲ್ಲಿ ದುಡ್ಡು. ನಿಮ್ಮ ಮೊಮ್ಮಗಳು ಈಗಾಗಲೇ ಲೆಕ್ಕ ಇಟ್ಟಿರುತ್ತಾಳೆ. ಕಾನೂನಿನ ರಜೆ ಜನವರಿ 1 ಒಂದೇ ದಿನ. ಆದರೆ 3ರವರೆಗೆ ದೇಶವೇ ಮುಚ್ಚಿರುತ್ತದೆ. ನನ್ನ ಮೊದಲ ಜನವರಿಯಲ್ಲಿ ಇದು ಗೊತ್ತಿರಲಿಲ್ಲ. ಫ್ರಿಜ್ ಖಾಲಿ, ಹತ್ತಿರದ ತರಕಾರಿ ಅಂಗಡಿಗೆ ಬೀಗ. ಊರಿಂದ ತಂದಿದ್ದ ಅವಲಕ್ಕಿ ಎರಡು ದಿನ ಕಾಪಾಡಿತು.

ಒಂದು ಪದ್ಧತಿ ನಿಮಗೆ ತುಂಬ ಹತ್ತಿರ ಅನ್ನಿಸಬಹುದು. ಮನೆಯಲ್ಲಿ ಸಾವಾದ ವರ್ಷ ಅವರು ಹೊಸ ವರ್ಷದ ಶುಭಾಶಯ ಕಾರ್ಡು ಕಳಿಸುವುದಿಲ್ಲ. ಈ ಸಲ ನಮಗೆ ಹಬ್ಬವಿಲ್ಲ, ನಮಗೆ ಕಾರ್ಡು ಕಳಿಸಬೇಡಿ ಎಂದು ಡಿಸೆಂಬರಿಗೂ ಮೊದಲೇ ಬೂದು ಬಣ್ಣದ ಕಾರ್ಡಿನಲ್ಲಿ ತಿಳಿಸುತ್ತಾರೆ. ಅಂಥವರಿಗೆ ‘ಹ್ಯಾಪಿ ನ್ಯೂ ಇಯರ್’ ಅನ್ನಬಾರದು ಎಂದು ಮಗಳಿಗೆ ಹೇಳಿ.

ಒಬೋನ್ ಅವರ ಪಿತೃಪಕ್ಷ. ಸಂಸ್ಕೃತದ ‘ಉಲ್ಲಂಬನ’ವೇ ಈ ಹೆಸರಿನ ಮೂಲ ಎಂದು ಹಿಂದಿನಿಂದ ಹೇಳುತ್ತಾ ಬಂದಿದ್ದಾರೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ಪ್ರೇತಲೋಕದಲ್ಲಿ ಹಸಿದಿದ್ದ ತಾಯಿಯನ್ನು ಬಿಡಿಸಿದ ಕಥೆ ಇದರ ಹಿಂದಿದೆ. ಹೆಚ್ಚಿನ ಕಡೆ ಆಗಸ್ಟ್ 13ರಿಂದ 16, ಟೋಕಿಯೋದ ಹಲವೆಡೆ ಮಾತ್ರ ಜುಲೈ. ಮೊದಲ ದಿನ ಬಾಗಿಲಲ್ಲಿ ಸಣ್ಣ ಬೆಂಕಿ ಹಾಕಿ ಹಿರಿಯರನ್ನು ಕರೆಯುತ್ತಾರೆ. ಸೌತೆಕಾಯಿಗೂ ಬದನೆಕಾಯಿಗೂ ಕಡ್ಡಿ ಚುಚ್ಚಿ ನಾಲ್ಕು ಕಾಲು ಮಾಡುತ್ತಾರೆ. ಸೌತೆಕಾಯಿ ಕುದುರೆ. ಹಿರಿಯರು ಬೇಗ ಬರಲಿ ಅಂತ. ಬದನೆಕಾಯಿ ಹಸು. ಹೋಗುವಾಗ ನಿಧಾನ ಹೋಗಲಿ ಅಂತ. ನಾನು ಇದನ್ನು ಮೊದಲು ನೋಡಿದ್ದು ನನ್ನ ಮನೆಯ ಮಾಲೀಕರಾದ ಅಜ್ಜಿಯ ದೇವರ ಗೂಡಿನ ಮುಂದೆ. ಪಕ್ಷದ ಎಡೆ ನೆನಪಾಗಿ ಗಂಟಲು ಕಟ್ಟಿತು. ಆದರೆ ಅಲ್ಲಿ ಮ್ಲಾನವಾದ ವಾತಾವರಣ ಇಲ್ಲ. ಸಂಜೆ ಊರ ನಡುವೆ ಅಟ್ಟಣಿಗೆ ಕಟ್ಟಿ ಡೋಲು ಬಾರಿಸುತ್ತಾರೆ. ಸುತ್ತ ಜನ ವೃತ್ತವಾಗಿ ಕುಣಿಯುತ್ತಾರೆ. 16ರ ರಾತ್ರಿ ಕ್ಯೋಟೋದಲ್ಲಿ ಐದು ಬೆಟ್ಟಗಳ ಮೇಲೆ ಬೆಂಕಿ ಉರಿಸಿ ಬೀಳ್ಕೊಡುತ್ತಾರೆ.

ಇಷ್ಟು ದೊಡ್ಡ ಹಬ್ಬಕ್ಕೂ ಕಾನೂನಿನಲ್ಲಿ ಒಂದೇ ಒಂದು ರಜೆ ಇಲ್ಲ! ಕಂಪನಿಗಳೇ ಬೀಗ ಹಾಕಿಕೊಳ್ಳುತ್ತವೆ. ಕಾರು ಕಾರ್ಖಾನೆಗಳ ನಾಡಾದ ನಗೋಯಾ ಕಡೆ ಅಳಿಯಂದಿರಿಗೆ ಉದ್ದ ರಜೆ ಸಿಗುವುದು ಈ ವಾರದಲ್ಲೇ ಇರಬೇಕು.

ಇನ್ನು ನಿಜವಾದ ಜಾತ್ರೆ, ತೇರು, ಉತ್ಸವ ಇವಕ್ಕೆ ಅವರು ಮತ್ಸುರಿ ಅನ್ನುತ್ತಾರೆ. ಇವು ಊರೂರಿಗೆ ಬೇರೆ. ಎಲ್ಲವನ್ನೂ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ. ಕ್ಯೋಟೋದ ಗಿಯೋನ್. 869ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ, ದೇಶದ ಪ್ರಾಂತ್ಯಗಳ ಲೆಕ್ಕಕ್ಕೆ 66 ಈಟಿಗಳನ್ನು ನಿಲ್ಲಿಸಿ ಪೂಜೆ ಮಾಡಿದ್ದರಿಂದ ಶುರುವಾಯಿತು. ನಮ್ಮ ಮಾರಿ ಹಬ್ಬಗಳ ಹುಟ್ಟಿನ ಹಾಗೆಯೇ. ಗಿಯೋನ್ ಎಂಬ ಹೆಸರು ಶ್ರಾವಸ್ತಿಯ ಜೇತವನದ್ದು. ಜುಲೈ ಇಡೀ ತಿಂಗಳು ನಡೆಯುತ್ತದೆ. ತೇರುಗಳ ಮೆರವಣಿಗೆ 17ಕ್ಕೆ ಒಮ್ಮೆ, 24ಕ್ಕೆ ಒಮ್ಮೆ. ಬುಧವಾರ ಬೀಳಲಿ, ಶುಕ್ರವಾರ ಬೀಳಲಿ, ತಾರೀಖು ಕದಲುವುದಿಲ್ಲ. ದೊಡ್ಡ ತೇರುಗಳು ಸುಮಾರು 12 ಟನ್ ತೂಗುತ್ತವೆ, ತುದಿ 25 ಮೀಟರ್ ಮುಟ್ಟುತ್ತದೆ. ಚೌಕಟ್ಟಿಗೆ ಮೊಳೆ ಹೊಡೆಯುವುದಿಲ್ಲ, ಹಗ್ಗದಲ್ಲೇ ಬಿಗಿಯುತ್ತಾರೆ. ಚಕ್ರಗಳು ನೇರಕ್ಕಷ್ಟೇ ಉರುಳುತ್ತವೆ, ಪಕ್ಕಕ್ಕೆ ತಿರುಗಿಸಲು ಬರುವುದಿಲ್ಲ. ಹಾಗಾಗಿ ಮೂಲೆಯಲ್ಲಿ ಸೀಳಿದ ಬಿದಿರು ಹಾಸಿ, ನೀರು ಹೊಯ್ದು, ಅಡ್ಡಕ್ಕೆ ಎಳೆದು ಜಾರಿಸುತ್ತಾರೆ. ತೇರಿನ ಗಾಲಿಗೆ ಸನ್ನೆ ಕೊಡುವುದನ್ನು ನೋಡಿ ಬೆಳೆದ ನಮ್ಮವರು ಆ ಮೂಲೆಯಲ್ಲೇ ನಿಲ್ಲಬೇಕು.

ಆ ತೇರುಗಳ ಮೈಗೆ ಸುತ್ತಿದ ಬಟ್ಟೆಗಳನ್ನು ಗಮನಿಸಿ. ಕ್ಯೋಟೋದ ವ್ಯಾಪಾರಿಗಳು ಹಡಗಿನಲ್ಲಿ ಬಂದ ಒಳ್ಳೊಳ್ಳೆಯ ಮಾಲನ್ನೆಲ್ಲ ದೇವರ ತೇರಿಗೆ ಕೊಡುತ್ತಿದ್ದರು. 16ನೇ ಶತಮಾನದ ಬೆಲ್ಜಿಯಂ ಪರದೆಗಳಿವೆ. ಜೊತೆಗೆ ಹಳೆಯ ರತ್ನಗಂಬಳಿಗಳು. ಅವುಗಳಲ್ಲಿ ಹಲವು ದಖ್ಖನ್ನಿನಲ್ಲಿ ನೇಯ್ದವು ಎಂದು ಗಂಬಳಿ ಬಲ್ಲವರು ಗುರುತಿಸಿದ್ದಾರೆ. ನಮ್ಮ ಕಡೆಯ ಮಗ್ಗದ ಕೆಲಸ ಕ್ಯೋಟೋದ ಬೀದಿಯಲ್ಲಿ ಪ್ರತಿ ಜುಲೈ ಮೆರವಣಿಗೆ ಹೊರಡುತ್ತದೆ. ಆದರೆ ಜುಲೈ ಬಿಸಿಲು, ಬೆವರು, ಜನಸಂದಣಿ, ಮೂರೂ ಸೇರಿ ವಯಸ್ಸಾದವರಿಗೆ ಕಷ್ಟ. ನಾನಂತೂ ನಿಮಗೆ ಬೇಡ ಅನ್ನುತ್ತೇನೆ.

ಹಾಗಾದರೆ ಯಾವಾಗ? ಏಪ್ರಿಲ್ 29ರಿಂದ ಮೇ 5ರವರೆಗೆ ರಜೆಗಳು ಗೊಂಚಲಾಗಿ ಬರುವ ‘ಗೋಲ್ಡನ್ ವೀಕ್’, ಆಗಸ್ಟ್ ನಡುವಿನ ಒಬೋನ್, ವರ್ಷದ ಕೊನೆ, ಈ ಮೂರು ಹೊತ್ತಿನಲ್ಲಿ ದೂರ ಪ್ರಯಾಣ ಇಟ್ಟುಕೊಳ್ಳಬೇಡಿ. ಇಡೀ ದೇಶ ರೈಲಿನಲ್ಲಿರುತ್ತದೆ. ನೊಜೋಮಿ ಬುಲೆಟ್ ರೈಲುಗಳಲ್ಲಿ ಆ ದಿನಗಳಲ್ಲಿ ಎಲ್ಲ ಸೀಟೂ ಮುಂಗಡ ಕಾಯ್ದಿರಿಸಿದವರಿಗೇ.

ಚೆರಿ ಹೂವು ನೋಡಬೇಕು ಅಂದರೆ ಮಾರ್ಚ್ ಕೊನೆಗೆ ಹೋಗಿ ಏಪ್ರಿಲ್ 20ರೊಳಗೆ ಹೊರಡಿ. ನಗೋಯಾದಿಂದ ಅರ್ಧ ಗಂಟೆಯ ಇನುಯಾಮಾದಲ್ಲಿ ಏಪ್ರಿಲ್ ಮೊದಲ ಶನಿವಾರ, ಭಾನುವಾರ ಜಾತ್ರೆ. 1635ರಿಂದ ನಡೆದು ಬಂದದ್ದು. 13 ತೇರು, ಅವುಗಳ ಮೇಲೆ ದಾರ ಎಳೆದು ಆಡಿಸುವ ಬೊಂಬೆಗಳು. ರಾತ್ರಿ ಒಂದೊಂದು ತೇರಿಗೂ 365 ದೀಪ. ಗಿಯೋನ್‌ಗಿಂತ ಹತ್ತಿರ, ತಂಪು, ನೆಮ್ಮದಿ.

ಆದರೆ ನಿಮ್ಮ ಮೊಮ್ಮಗಳಿಗೆ ಏಳು ತುಂಬುತ್ತದೆ ಅಂದಿರಲ್ಲ, ಅದನ್ನು ಓದಿದ ಕೂಡಲೇ ನಾನು ನವೆಂಬರ್ ಅಂದುಕೊಂಡೆ. ನವೆಂಬರ್ 15 ಶಿಚಿಗೊಸಾನ್. ಅಂದರೆ ‘ಏಳು-ಐದು-ಮೂರು’. ಮೂರು ಮತ್ತು ಏಳು ವರ್ಷದ ಹೆಣ್ಣುಮಕ್ಕಳು, ಐದು ವರ್ಷದ ಗಂಡುಮಕ್ಕಳು ಕಿಮೊನೊ ಉಟ್ಟು ದೇವಾಲಯಕ್ಕೆ ಹೋಗುತ್ತಾರೆ. ಮಕ್ಕಳು ಚಿಕ್ಕಂದಿನಲ್ಲೇ ತೀರಿಕೊಳ್ಳುತ್ತಿದ್ದ ಕಾಲದಲ್ಲಿ, ಏಳು ದಾಟುವವರೆಗೆ ಮಗು ದೇವರದ್ದು ಎಂಬ ಮಾತಿತ್ತು. ಏಳು ದಾಟಿತು ಅಂದರೆ ನಮ್ಮದಾಯಿತು ಎಂಬ ಸಮಾಧಾನ. ಕೆಂಪು ಬಿಳಿ ಬಣ್ಣದ ಉದ್ದನೆಯ ‘ಸಾವಿರ ವರ್ಷದ ಮಿಠಾಯಿ’ ಕೊಡುತ್ತಾರೆ. ಇದಕ್ಕೂ ಸರ್ಕಾರಿ ರಜೆ ಇಲ್ಲ. ಅದಕ್ಕೇ ಎಲ್ಲರೂ ಆಸುಪಾಸಿನ ಶನಿವಾರ ಭಾನುವಾರ ನೋಡಿಕೊಳ್ಳುತ್ತಾರೆ. ಅಜ್ಜ ಅಜ್ಜಿ ಜೊತೆಗಿರುವ ಹಬ್ಬ ಇದು. ಫೋಟೋ ಅಂಗಡಿಯಲ್ಲಿ ಕಿಮೊನೊ ಬಾಡಿಗೆಗೂ ಸಿಗುತ್ತದೆ. ಮಗಳಿಗೆ ಈಗಲೇ ಹೇಳಿ ಬುಕ್ ಮಾಡಿಸಿ, ಆಮೇಲೆ ಸಿಗುವುದಿಲ್ಲ. ಅಕ್ಟೋಬರ್ 25ರ ಹೊತ್ತಿಗೆ ಹೋಗಿ ನವೆಂಬರ್ 25ಕ್ಕೆ ಬನ್ನಿ. ಎರಡು ಸರ್ಕಾರಿ ರಜೆ ನಡುವೆ ಸಿಗುತ್ತವೆ. ಕೋರಾಂಕೇ ಎಂಬಲ್ಲಿ ಮೇಪಲ್ ಎಲೆ ಕೆಂಪಾಗುವುದೂ ಆಗಲೇ. ಸ್ವೆಟರ್ ಸಾಕು, ದಪ್ಪ ಕೋಟು ಬೇಡ.

ಊಟದ ವಿಷಯ. ಹಬ್ಬದ ಸಿಹಿಗಳಲ್ಲಿ ತೊಂದರೆ ಕಡಿಮೆ. ಅಕ್ಕಿ, ಅಜುಕಿ ಕಾಳು, ಸಕ್ಕರೆ. ಖಾರದಲ್ಲೇ ಸಿಕ್ಕಿಬೀಳುವುದು. ತರಕಾರಿ ಬೇಯಿಸಿದ ನೀರಿಗೂ ದಾಶಿ ಎಂಬ ಒಣಮೀನಿನ ಸಾರು ಹಾಕಿರುತ್ತಾರೆ. ಸೋಬಾ ಸಾರಿನಲ್ಲೂ ಅದೇ. ‘ಮೀನಿಲ್ಲ’ ಎಂದು ಅವರು ಹೇಳಿದರೆ ಮೀನಿನ ತುಂಡಿಲ್ಲ ಎಂದಷ್ಟೇ ಅರ್ಥ. ದಾಶಿ ಇದೆಯಾ ಅಂತಲೇ ಕೇಳಬೇಕು. ಬೌದ್ಧ ಗುಡಿಗಳ ಶೋಜಿನ್ ಅಡುಗೆ ಮಾತ್ರ ಶುದ್ಧ ಸಸ್ಯಾಹಾರ. ಮೋಚಿ ತಿನ್ನುವಾಗ ಚಿಕ್ಕ ಚೂರು ಮಾಡಿಕೊಂಡು ನಿಧಾನ ಅಗಿಯಿರಿ. ಅಂಟಿನ ಹಾಗಿರುತ್ತದೆ. ಪ್ರತಿ ಹೊಸ ವರ್ಷ ವಯಸ್ಸಾದವರ ಗಂಟಲಿಗೆ ಸಿಕ್ಕಿ ಅನಾಹುತವಾಗುತ್ತದೆ, ಅಗ್ನಿಶಾಮಕದವರೇ ಎಚ್ಚರಿಕೆ ಕೊಡುತ್ತಾರೆ.

ಕೊನೆಗೆ ಗೊಂಬೆ. ಖಂಡಿತ ಒಯ್ಯಿರಿ. ನವೆಂಬರಿನಲ್ಲಿ ಹೋದರೆ ಮಗಳ ಮನೆಯಲ್ಲಿ ಬಿಟ್ಟು ಬನ್ನಿ, ಮಾರ್ಚ್‌ನಲ್ಲಿ ಅವರು ಇಡಲಿ. ಅವರದೂ ಮೆಟ್ಟಿಲು, ಮೇಲೆ ಕೆಂಪು ಬಟ್ಟೆ. ತುದಿ ಮೆಟ್ಟಿಲಲ್ಲಿ ಚಕ್ರವರ್ತಿ, ಚಕ್ರವರ್ತಿನಿ. ಅಂದರೆ ಅವರದೂ ಪಟ್ಟದ ಗೊಂಬೆಯೇ. ಕೆಳಗೆ ಸೇವಕಿಯರು, ವಾದ್ಯದವರು. ನಿಮ್ಮ ರಾಜ ರಾಣಿಯನ್ನು ತುದಿಗೆ ಇಡಬೇಡಿ, ಆ ಜಾಗ ಅವರದು. ಪಕ್ಕದಲ್ಲೊಂದು ಪುಟ್ಟ ಮೆಟ್ಟಿಲು ಮಾಡಿ, ನೆಂಟರು ಬಂದಿದ್ದಾರೆ ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ, ನೆರೆಮನೆಯ ಮಕ್ಕಳೆಲ್ಲ ನೋಡಲು ಬರುತ್ತಾರೆ. ಒಂದು ಮಾತ್ರ ನೆನಪಿಡಿ. ಮಾರ್ಚ್ 3 ಕಳೆದ ಕೂಡಲೇ ಗೊಂಬೆಗಳನ್ನು ಎತ್ತಿಡಬೇಕು. ತಡ ಮಾಡಿದರೆ ಮನೆಯ ಹುಡುಗಿಯ ಮದುವೆಯೂ ತಡವಾಗುತ್ತದಂತೆ. ನಿಮ್ಮ ಮೊಮ್ಮಗಳಿಗೆ ಇನ್ನೂ ಏಳು, ನಾಲ್ಕು ದಿನ ಜಾಸ್ತಿ ಇಟ್ಟರೂ ನಡೆಯುತ್ತದೆ.